ಆವನಿ ಜಾತ್ರೆಗೆ ಹೋಗ್ತೀರಾ? ಜಾಗರಣೆ ರಾತ್ರಿ ತಲೆ ಎತ್ತಿ ಆಕಾಶಾನೂ ನೋಡಿ

ಮುಳಬಾಗಿಲು: ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ. ನಮ್ಮ ತಾಲ್ಲೂಕಿನ ರೈತರಿಗೆ ಈ ಹೆಸರುಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆರಿದ್ರಾ ನಕ್ಷತ್ರ ಯಾವುದು, ಬೆರಳು ಮಾಡಿ ತೋರಿಸಿ ಅಂದರೆ?

ತೋರಿಸೋದು ಕಷ್ಟ ಆಗೋಕೆ ಕಾರಣ ಇದೆ. ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾ ನಕ್ಷತ್ರದ ಕಡೆ ಬರುತ್ತಾನೆ. ಅದಕ್ಕೇ ಆ ಮಳೆಗೆ ಆ ಹೆಸರು. ಆಗ ನಕ್ಷತ್ರ ಹಗಲು ಹೊತ್ತು ಸೂರ್ಯನ ಜೊತೆಗೇ ಇರುತ್ತೆ, ಕಣ್ಣಿಗೆ ಬೀಳಲ್ಲ. ಅದನ್ನು ನೋಡೋಕೆ ಒಳ್ಳೆ ಕಾಲ ಚಳಿಗಾಲದಿಂದ ಶಿವರಾತ್ರಿವರೆಗೆ.

ಶಿವರಾತ್ರಿಯೇ ಯಾಕೆ?

ಅಮಾವಾಸ್ಯೆಗೆ ಹಿಂದಿನ ಚತುರ್ದಶಿ ಅದು. ಚಂದ್ರ ಬೆಳಗಿನ ಜಾವ ಸಣ್ಣ ಗೆರೆಯಂತೆ ಹುಟ್ಟುತ್ತಾನೆ, ಅಲ್ಲಿವರೆಗೂ ಕತ್ತಲೆ. ರಾಮಲಿಂಗೇಶ್ವರನ ಜಾತ್ರೆಗೆ ಬಂದವರು ಹೇಗೂ ನಿದ್ದೆ ಮಾಡಲ್ಲ. ದೂರದರ್ಶಕ ಬೇಡ, ಕಣ್ಣು ಸಾಕು. ಅಂಗಡಿ ಸಾಲು ಬಿಟ್ಟು ಸ್ವಲ್ಪ ದೂರ ಬನ್ನಿ. ಮೊಬೈಲ್ ಜೇಬಲ್ಲಿಟ್ಟು 20 ನಿಮಿಷ ಕಾದರೆ ಕಣ್ಣು ಕತ್ತಲೆಗೆ ಒಗ್ಗುತ್ತೆ.

ಯಾವ ಹೊತ್ತಿಗೆ ಏನು?

ಇವು ಫೆಬ್ರವರಿ 20ರ ಸುಮಾರಿನ ಸಮಯ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ. ಹಾಗಾಗಿ ಹಬ್ಬ ಮಾರ್ಚ್ ಮೊದಲ ವಾರ ಬಂದರೆ ಸುಮಾರು ಒಂದು ಗಂಟೆ ಮೊದಲೇ ನೋಡಿ.

ರಾತ್ರಿ 8: ದಕ್ಷಿಣಕ್ಕೆ ಮುಖ ಮಾಡಿ ತಲೆ ಪೂರಾ ಎತ್ತಿ. ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ, ಅದು ಮಹಾವ್ಯಾಧನ ನಡುಪಟ್ಟಿ. ಅದರ ಮೇಲೆ ಎಡಕ್ಕೆ ಕೆಂಪಗಿರೋದೇ ಆರಿದ್ರಾ. ಪಟ್ಟಿಯ ಗೆರೆಯನ್ನು ಕೆಳಗೆ ಎಡಕ್ಕೆ ಎಳೆದರೆ ಲುಬ್ಧಕ, ರಾತ್ರಿಯ ಅತಿ ಪ್ರಕಾಶದ ನಕ್ಷತ್ರ. ಬಲಕ್ಕೆ ಮೇಲೆ ಎಳೆದರೆ ರೋಹಿಣಿ, ಅದನ್ನೂ ದಾಟಿದರೆ ಕೃತ್ತಿಕೆಯ ಗೊಂಚಲು. ಲುಬ್ಧಕನಿಗಿಂತ ತುಂಬಾ ಕೆಳಗೆ, ದಕ್ಷಿಣದಲ್ಲಿ ಅಗಸ್ತ್ಯ.

ಮಧ್ಯರಾತ್ರಿ: ಮಘಾ ನೆತ್ತಿಯ ಹತ್ತಿರ. ಮಘೆ ಮಳೆಯ ನಕ್ಷತ್ರ ಇದೇ.

ರಾತ್ರಿ 2: ಉತ್ತರಕ್ಕೆ ತಿರುಗಿ. ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತೆ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಪಕ್ಕಕ್ಕೆ ಅಂಟಿಕೊಂಡಂತೆ ಇರೋ ಚಿಕ್ಕದು ಅರುಂಧತಿ. ಹಗಲು ಮುಹೂರ್ತದ ಮದುವೆಯಲ್ಲಿ ಕಾಣದೇ ತಲೆ ಆಡಿಸಿದವರು ಈಗ ನಿಜವಾಗಿ ನೋಡಬಹುದು! ಬಾಲಕ್ಕೆ ವಿರುದ್ಧ ತುದಿಯ ಎರಡು ನಕ್ಷತ್ರಗಳ ಗೆರೆ ಕೆಳಗೆ ಎಳೆದರೆ ಧ್ರುವ. ಆವನಿ ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವದ ಎತ್ತರವೂ ಅಷ್ಟೇ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಬೆಟ್ಟ ಅಡ್ಡ ಬಂದರೆ ಕಾಣಲ್ಲ, ಜಾಗ ಬದಲಿಸಿ.

ಬೆಳಗಿನ ಜಾವ 4: ಸ್ವಾತಿ ನೆತ್ತಿಯ ಹತ್ತಿರ, ಆಗ್ನೇಯಕ್ಕೆ ಕೆಂಪು ಜ್ಯೇಷ್ಠಾ.

ಮಿನುಗದೆ ಸ್ಥಿರವಾಗಿ ಹೊಳೆಯೋದು ಕಂಡರೆ ಅದು ಬಹುಶಃ ಗ್ರಹ.

ಅಂಗಡಿಯವರಿಗೆ ಒಂದು ಮಾತು

ಮೇಲಕ್ಕೆ ಮುಖ ಮಾಡಿದ ಫೋಕಸ್ ಲೈಟಿನಿಂದ ವ್ಯಾಪಾರ ಹೆಚ್ಚಾಗಲ್ಲ, ಆಕಾಶ ಮಾತ್ರ ಮಸುಕಾಗುತ್ತೆ. ಅದನ್ನೇ ಕೆಳಕ್ಕೆ ಬಗ್ಗಿಸಿದರೆ ಬೆಳಕೆಲ್ಲ ನಿಮ್ಮ ಸಾಮಾನಿನ ಮೇಲೇ ಬೀಳುತ್ತೆ. ಪಟ್ಟಣಗಳಲ್ಲಿ ಕೃತ್ತಿಕೆ, ಅರುಂಧತಿ ಈಗಾಗಲೇ ಸರಿಯಾಗಿ ಕಾಣ್ತಿಲ್ಲ. ಆವನಿಯಲ್ಲಿ ಇನ್ನೂ ಕಾಣುವಾಗಲೇ ಮನೆಯ ಮಕ್ಕಳಿಗೆ ತೋರಿಸಿ. ಮಳೆ ಹೆಸರು ಬಾಯಿಪಾಠ ಇರೋ ಅಜ್ಜ ಅಜ್ಜಿಯರನ್ನೂ ಜೊತೆಗೆ ಕರ್ಕೊಂಡು ಹೋಗಿ.