ಮೈಸೂರು ಪಾಕಿಗೆ ಎರಡು ತಪಾಸಣೆ

ರಾತ್ರಿ ಹನ್ನೆರಡು ದಾಟಿದೆ. ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಬಾಗಿಲಲ್ಲಿ ಸಿಐಎಸ್‌ಎಫ್ ಜವಾನರು ನನ್ನ ಪಾಸ್‌ಪೋರ್ಟನ್ನೂ ಮುಖವನ್ನೂ ಎರಡೆರಡು ಸಲ ನೋಡಿದರು. ದೆಹಲಿಗೋ ಮುಂಬಯಿಗೋ ಹೋಗುವವರಿಗೆ 2022ರ ಡಿಸೆಂಬರಿನಿಂದ ‘ಡಿಜಿಯಾತ್ರಾ’ ಇದೆ. ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಪರದೇಶಕ್ಕೆ ಹೊರಟ ನಮಗೆ ಕೈಯಲ್ಲಿ ಕಾಗದ, ಮುಂದೆ ಸಾಲು.

ಬಿದಿರಿನ ಚಾವಣಿ, ಇಳಿಬಿಟ್ಟ ಹಸಿರು ನೋಡುತ್ತ ಕೌಂಟರಿಗೆ ಬಂದೆ. ಸೂಟ್‌ಕೇಸಿಗೆ ಬಾರ್‌ಕೋಡ್ ಪಟ್ಟಿ ಅಂಟಿಸಿ, ಅದರದೇ ಒಂದು ಚೂರನ್ನು ನನಗೆ ಕೊಟ್ಟರು. ಚೀಲಕ್ಕೂ ಅದರ ಒಡೆಯನಿಗೂ ಇರುವ ನಂಟು ಈ ಚೂರು. ಆ ನಂಟನ್ನು ನೋಡದಿದ್ದರೆ ಏನಾಗುತ್ತದೆ ಎಂಬುದು ಒಮ್ಮೆ ಗೊತ್ತಾಗಿದೆ. 1985ರ ಜೂನಿನಲ್ಲಿ ವ್ಯಾಂಕೂವರಿನಲ್ಲಿ ಒಬ್ಬ ಸೂಟ್‌ಕೇಸ್ ಒಪ್ಪಿಸಿ ತಾನು ಮಾತ್ರ ವಿಮಾನ ಹತ್ತಲಿಲ್ಲ. ಟೊರಾಂಟೊದಲ್ಲಿ ಅದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನಕ್ಕೆ ಸೇರಿತು, ಇದರ ಒಡೆಯ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಜೂನ್ 23ರಂದು ಐರ್ಲೆಂಡಿನ ಬಳಿ ಸಮುದ್ರದ ಮೇಲೆ ವಿಮಾನ ಸಿಡಿದು 329 ಜನ ಸತ್ತರು. ಈಗ ಪ್ರಯಾಣಿಕ ಬರಲಿಲ್ಲವೆಂದರೆ ವಿಮಾನದ ಹೊಟ್ಟೆಯೊಳಗಿಂದ ಅವನ ಚೀಲವನ್ನು ಹುಡುಕಿ ಇಳಿಸುತ್ತಾರೆ. ಆ ಅರ್ಧ ಗಂಟೆಯ ತಡಕ್ಕೆ ನಾನಂತೂ ಗೊಣಗುವುದಿಲ್ಲ.

ಭದ್ರತಾ ತಪಾಸಣೆಯಲ್ಲಿ ನನ್ನ ಟ್ರೇ ಪಕ್ಕದ ದಾರಿಗೆ ಸರಿಯಿತು. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿ, ತಿಂಡಿತೀರ್ಥವೆಲ್ಲ ಕಿತ್ತಳೆ. ತುಪ್ಪ, ಸಕ್ಕರೆ ಒತ್ತಿ ಗಟ್ಟಿಯಾದ ಮೈಸೂರು ಪಾಕು ಅಲ್ಲಿ ದಟ್ಟ ಕಿತ್ತಳೆ ಇಟ್ಟಿಗೆಯಂತೆ ಕೂತಿತ್ತು. ಸಿಬ್ಬಂದಿ ಬಟ್ಟೆಯ ಚಿಕ್ಕ ತುಂಡಿನಿಂದ ಡಬ್ಬಿಯ ಅಂಚು ಒರೆಸಿ, ಸ್ಫೋಟಕದ ಕಣ ಹಿಡಿಯುವ ಯಂತ್ರಕ್ಕೆ ತೂರಿಸಿದರು. ಹಸಿರು ದೀಪ. “ಮನೇದಾ?” ಅಂದರು. “ಅತ್ತಿಗೆ ಮಾಡಿದ್ದು” ಅಂದೆ.

ಹಿಂದೆ ಇಲ್ಲೇ ಕೈಚೀಲದ ಚೀಟಿಗೆ ಠಸ್ಸೆ ಹೊಡೆಯುತ್ತಿದ್ದರು. ಠಸ್ಸೆ ಬೀಳದೆ ಗೇಟಿನಿಂದ ವಾಪಸು ಓಡಿದವರು ಎಷ್ಟೋ. 2017ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿದಂತೆ ಏಳು ನಿಲ್ದಾಣಗಳಲ್ಲಿ ಆ ಶಾಸ್ತ್ರ ನಿಂತಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹತ್ತು ಗಂಟೆ ಕಳೆದು, ಯೂರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕು. ಮತ್ತೆ ಬೆಲ್ಟು, ಮತ್ತೆ ಟ್ರೇ. ಬೆಂಗಳೂರಿನ ತಪಾಸಣೆ ಮುಗಿದ ಮೇಲೆ ತುಂಬಿಕೊಂಡ ನೀರೂ ಇಲ್ಲಿ ಕಸದ ಬುಟ್ಟಿಗೆ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದಾಗಿನಿಂದ ಕೈಚೀಲದ ದ್ರವಕ್ಕೆ 100 ಮಿಲಿಲೀಟರ್ ಮಿತಿ. ಎಡಿನ್‌ಬರೋದಲ್ಲಿ ಹೊಸ ಸ್ಕ್ಯಾನರ್ ಬಂದ ಮೇಲೆ ಎರಡು ಲೀಟರ್‌ವರೆಗೆ ಬಿಡುತ್ತಾರೆ. ನೀರು ಅದೇ, ಯಂತ್ರ ಬೇರೆ.

ಸಿಂಗಪುರ, ಅಮೆರಿಕ, ಕೆನಡಾಗಳ ತಪಾಸಣೆಯನ್ನು ಯೂರೋಪಿಯನ್ ಒಕ್ಕೂಟ ತನ್ನದಕ್ಕೆ ಸಮ ಎಂದು ಒಪ್ಪಿದೆ, ಅಲ್ಲಿಂದ ಬಂದವರಿಗೆ ಈ ಮರುತಪಾಸಣೆ ಇಲ್ಲ; ಭಾರತದ್ದನ್ನು ಒಪ್ಪಿಲ್ಲ, ಅದಕ್ಕೇ ನಮಗೆ ಎರಡನೇ ಸಾಲು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 193 ದೇಶಗಳಿಗೂ 1974ರಲ್ಲಿ ರೂಪುಗೊಂಡ ಭದ್ರತೆಯ ಹದಿನೇಳನೇ ಅನುಬಂಧವೇ ಕನಿಷ್ಠ ನಿಯಮ. ನಿಯಮವೇನೋ ಒಂದೇ, ನಂಬಿಕೆಯನ್ನು ಮಾತ್ರ ದೇಶಗಳು ಜೋಡಿ ಜೋಡಿಯಾಗಿ ಕುದುರಿಸಿಕೊಳ್ಳಬೇಕು. ಅಂದು ಟೊರಾಂಟೊದವರು ಕೇಳದೆಯೇ ನಂಬಿದರು. ಇಂದು ಯೂರೋಪಿನವರು ಬೆಂಗಳೂರಿನಲ್ಲಿ ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ಈ ಸಾಲಿನಲ್ಲಿ ಸವೆಯುವ ಕಣ್ಣುಗಳು ಬೇರೆ ಕಡೆ ಬೇಕಾಗಿದ್ದವು.

ನನ್ನ ಡಬ್ಬಿ ಮತ್ತೆ ಪಕ್ಕಕ್ಕೆ ಸರಿಯಿತು. ಕೈಗವಸು ತೊಟ್ಟಾಕೆ ಮುಚ್ಚಳ ತೆಗೆದು, “ಚೀಸ್?” ಎಂದರು. ಸಿಹಿ ಎಂದೆ. ತುಪ್ಪದ ಘಮ ಅಷ್ಟರಲ್ಲಿ ಮೇಜಿನಾಚೆಗೂ ಹಬ್ಬಿತ್ತು. ಒಂದು ತುಂಡು ಕೊಡೋಣವೆನಿಸಿತು; ಆಕೆ ಆಗಲೇ ಮುಂದಿನ ಟ್ರೇ ಎಳೆದುಕೊಂಡಿದ್ದರು.