ದ್ರಾವಕಗಳ ಶುದ್ಧಿ ಮತ್ತು ಅಧಿಶೋಷಣೆ

ರಸಾಯನಶಾಸ್ತ್ರಜ್ಞನ ಕೆಲಸ ಬಹುಮಟ್ಟಿಗೆ ದ್ರಾವಣಗಳಲ್ಲಿಯೇ ನಡೆಯತಕ್ಕದ್ದು. ಎರಡು ಘನವಸ್ತುಗಳನ್ನು ಒಂದೆಡೆ ಗುಡ್ಡೆ ಹಾಕಿಟ್ಟರೆ ಅವು ಸಾಮಾನ್ಯವಾಗಿ ಸುಮ್ಮನೆ ಬಿದ್ದಿರುತ್ತವೆ. ಎರಡನ್ನೂ ಕರಗಿಸಿಕೊಳ್ಳಬಲ್ಲ ದ್ರವವೊಂದು ದೊರೆತಾಗ ಒಂದರ ಅಣುಗಳು ಇನ್ನೊಂದರ ಅಣುಗಳನ್ನು ಸಂಧಿಸಿ ವರ್ತಿಸುತ್ತವೆ. ನೀರಿನಲ್ಲಿ ಕರಗದ ಅಥವಾ ನೀರಿನಿಂದ ಕೆಡುವ ವಸ್ತುಗಳಿಗೆ ಈಥರ್, ಆಲ್ಕೊಹಾಲ್, ಟಾಲ್ವೀನ್, ಹೆಕ್ಸೇನ್, ಕ್ಲೋರೊಫಾರ್ಮ್ ಮೊದಲಾದ ಇಂಗಾಲದ ಸಂಯುಕ್ತಗಳೇ ಗತಿ. ಇವನ್ನು ಸಾವಯವ ದ್ರಾವಕಗಳೆಂದು ಕರೆಯುತ್ತಾರೆ. ಅಂಗಡಿಯಿಂದ ಬಂದ ಸೀಸೆಯಲ್ಲಿ ಇವು ಸ್ಫಟಿಕದಂತೆ ತಿಳಿಯಾಗಿ ಕಾಣುತ್ತವೆ. ಆದರೆ ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲವೂ ಶುದ್ಧವೆಂದು ನಂಬುವಂತಿಲ್ಲ. ಗಾಳಿಯ ತೇವ, ತಯಾರಿಕೆಯ ಕಾಲದಲ್ಲಿ ಸೇರಿಕೊಂಡ ಪರವಸ್ತುಗಳು, ಸೀಸೆಯೊಳಗೇ ದಿನಕಳೆದಂತೆ ಹುಟ್ಟಿಕೊಂಡ ಹೊಸ ಸಂಯುಕ್ತಗಳು ಅಲ್ಲಿ ಅಡಗಿರುತ್ತವೆ.

ಸಾವಿರದಲ್ಲಿ ಒಂದು ಪಾಲು ನೀರಿದ್ದರೆ ಏನು ಮಹಾ ಹಾನಿ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ೧೯೦೦ರಲ್ಲಿ ಫ್ರಾನ್ಸಿನ ವಿಕ್ಟರ್ ಗ್ರಿನ್ಯಾರ್ ಎಂಬ ವಿಜ್ಞಾನಿ ಈಥರಿನಲ್ಲಿ ಮೆಗ್ನೀಸಿಯಂ ಲೋಹವನ್ನು ಸಾವಯವ ಹ್ಯಾಲೈಡುಗಳೊಡನೆ ಕೂಡಿಸಿ ಹೊಸ ಬಗೆಯ ಸಂಯುಕ್ತಗಳನ್ನು ಪಡೆದನು. ಇಂಗಾಲಕ್ಕೆ ಇಂಗಾಲವನ್ನು ಬೆಸೆಯುವುದರಲ್ಲಿ ಇವುಗಳಿಗೆ ಸರಿಸಾಟಿಯಾದವು ಕಡಮೆ. ೧೯೧೨ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ದೊರೆತದ್ದೂ ಇದಕ್ಕಾಗಿಯೇ. ಈ ಸಂಯುಕ್ತಗಳಿಗೆ ನೀರು ಪರಮ ವೈರಿ. ನೀರಿನ ಒಂದೊಂದು ಅಣುವೂ ಗ್ರಿನ್ಯಾರ್ ಸಂಯುಕ್ತದ ಒಂದೊಂದು ಅಣುವನ್ನು ಹಾಳುಮಾಡುತ್ತದೆ. ನೀರಿನ ಅಣುಭಾರ ೧೮. ಈ ಜಾತಿಗೆ ಸೇರಿದ ಫಿನೈಲ್ ಮೆಗ್ನೀಸಿಯಂ ಬ್ರೋಮೈಡಿನದು ಸುಮಾರು ೧೮೧. ಎಂದರೆ ನೀರು ತನ್ನ ತೂಕದ ಹತ್ತು ಪಟ್ಟು ಸರಕನ್ನು ಕೆಡಿಸಬಲ್ಲುದು. ಒಂದು ಲೀಟರು ಈಥರಿನ ತೂಕ ಸುಮಾರು ೭೧೦ ಗ್ರಾಂ. ಅದರಲ್ಲಿ ಸಾವಿರಕ್ಕೊಂದು ಪಾಲು, ಅಂದರೆ ೦.೭ ಗ್ರಾಂ ನೀರಿದ್ದರೂ ಏಳು ಗ್ರಾಂ ಸಂಯುಕ್ತ ಕೈಬಿಟ್ಟುಹೋದಂತೆಯೇ. ಎಷ್ಟೋ ವೇಳೆ ತೇವವಾದ ಈಥರಿನಲ್ಲಿ ಕ್ರಿಯೆ ಪ್ರಾರಂಭವಾಗುವುದೇ ಇಲ್ಲ.

ನೀರು ಪ್ರಯೋಗವನ್ನು ಕೆಡಿಸುತ್ತದೆ. ಈಥರಿನಲ್ಲಿರುವ ಇನ್ನೊಂದು ಕಲ್ಮಷವಾದರೋ ಪ್ರಯೋಗ ಮಾಡುವವನಿಗೇ ಅಪಾಯಕಾರಿ. ಈಥರಿನ ಸೀಸೆಯನ್ನು ತೆರೆದಾಗಲೆಲ್ಲ ಅದರೊಳಕ್ಕೆ ಗಾಳಿ ನುಗ್ಗುತ್ತದೆ. ಬೆಳಕಿನ ಸಹಾಯದಿಂದ ಗಾಳಿಯ ಆಮ್ಲಜನಕವು ಈಥರಿನೊಡನೆ ಸಾವಕಾಶವಾಗಿ ಕೂಡಿ ಪೆರಾಕ್ಸೈಡುಗಳೆಂಬ ಸಂಯುಕ್ತಗಳಾಗುತ್ತದೆ. ಇವು ಅಸ್ಥಿರವಾದುವು, ಕಾಯಿಸಿದರೆ ಸಿಡಿಯತಕ್ಕವು. ದ್ರವಗಳನ್ನು ಶುದ್ಧಿಮಾಡುವ ಹಳೆಯ ವಿಧಾನವೆಂದರೆ ಬಟ್ಟಿ ಇಳಿಸುವುದು. ಆದರೆ ಈ ಸಂದರ್ಭದಲ್ಲಿ ಬಟ್ಟಿ ಇಳಿಸಲು ಹೊರಡುವುದು ಅಪಾಯವನ್ನು ಕೈಬೀಸಿ ಕರೆದಂತೆ. ಈಥರ್ ಕುದಿಯುವುದು ೩೪.೬ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಪೆರಾಕ್ಸೈಡುಗಳು ಆ ಉಷ್ಣತೆಯಲ್ಲಿ ಆವಿಯಾಗದೆ ಕುಪ್ಪಿಯ ತಳದಲ್ಲಿಯೇ ನಿಲ್ಲುತ್ತವೆ. ಈಥರ್ ಆವಿಯಾಗಿ ಹೋದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಕೊನೆಯ ಕೆಲವು ತೊಟ್ಟು ಉಳಿದಿರುವಾಗ, ಕೆಲಸ ಮುಗಿಯಿತೆಂದು ಮನಸ್ಸು ಹಗುರವಾಗುವ ಹೊತ್ತಿಗೆ, ಸ್ಫೋಟ ಸಂಭವಿಸುತ್ತದೆ. ಪ್ರಯೋಗಶಾಲೆಗಳಲ್ಲಿ ಎಷ್ಟೋ ಮಂದಿ ಹೀಗೆ ಕಣ್ಣು ಕೈ ಕಳೆದುಕೊಂಡಿದ್ದಾರೆ.

ಹಾಗಾದರೆ ಈಥರನ್ನು ಕಾಯಿಸದೆ, ಅದಕ್ಕೆ ಬೇರೆ ಯಾವ ದ್ರವವನ್ನೂ ಬೆರೆಸದೆ, ಅದರೊಳಗಿನ ನೀರನ್ನೂ ಪೆರಾಕ್ಸೈಡುಗಳನ್ನೂ ತೆಗೆದುಹಾಕುವ ಉಪಾಯವುಂಟೆ? ಉಂಟು. ಈಥರನ್ನು ಒಂದು ಬಿಳಿಯ ಪುಡಿಯ ಮೂಲಕ ಸೋಸಿದರೆ ಸಾಕು. ಪುಡಿಯ ಈ ಗುಣಕ್ಕೆ ಅಧಿಶೋಷಣೆಯೇ ಕಾರಣ.

ಅಧಿಶೋಷಣೆಗೂ ಬರಿಯ ಶೋಷಣೆಗೂ ಭೇದವಿದೆ. ನೆನೆಹಾಕಿದ ಕಡಲೆ ತನ್ನ ಒಡಲೊಳಗೆಲ್ಲ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಇದು ಶೋಷಣೆ. ಹೊಲದ ಬದುವಿನ ಮೇಲೆ ನಡೆದು ಬಂದವನ ಪಂಚೆಯ ಅಂಚಿಗೆ ಉತ್ತರಾಣಿಯ ಮುಳ್ಳುಕಾಳುಗಳು ಅಂಟಿಕೊಂಡು ಬರುತ್ತವಷ್ಟೆ. ಅವು ನೂಲಿನೊಳಕ್ಕೆ ಇಳಿಯುವುದಿಲ್ಲ, ಮೇಲ್ಮೈಯನ್ನು ಕಚ್ಚಿಕೊಂಡಿರುತ್ತವೆ. ಬದುವಿನ ಮೇಲಿನ ಕಸವೆಲ್ಲವೂ ಹೀಗೆ ಅಂಟುವುದಿಲ್ಲವೆಂಬುದನ್ನೂ ಗಮನಿಸಬೇಕು. ಮುಳ್ಳಿರುವುದು ಮಾತ್ರ ಹಿಡಿದುಕೊಳ್ಳುತ್ತದೆ, ಉಳಿದದ್ದು ಜಾರಿಹೋಗುತ್ತದೆ. ಅಧಿಶೋಷಣೆಯೂ ಇಂಥದೇ. ಘನವಸ್ತುವಿನ ಒಳಗಿರುವ ಪರಮಾಣುವನ್ನು ಸುತ್ತಲಿನ ಪರಮಾಣುಗಳು ಎಲ್ಲ ಕಡೆಯಿಂದಲೂ ಎಳೆಯುತ್ತಿರುತ್ತವೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದು ಮಗ್ಗುಲು ತೆರವು. ಆ ಕಡೆಯ ಆಕರ್ಷಣಶಕ್ತಿ ವಿನಿಯೋಗವಾಗದೆ ಉಳಿದಿರುತ್ತದೆ. ಹತ್ತಿರ ಸುಳಿದ ಪರಕೀಯ ಅಣುಗಳನ್ನು ಹಿಡಿದು ನಿಲ್ಲಿಸುವುದು ಈ ಉಳಿದ ಶಕ್ತಿಯೇ.

ಮೇಲ್ಮೈಯಿಂದಲೇ ಕೆಲಸವಾಗಬೇಕಾದ ಮೇಲೆ ಮೇಲ್ಮೈ ವಿಶಾಲವಾಗಿರಬೇಕು. ಒಂದು ಸೆಂಟಿಮೀಟರು ಚಚ್ಚೌಕದ ಘನಕ್ಕೆ ಆರು ಮುಖಗಳು. ಅದರ ಮೇಲ್ಮೈ ೬ ಚದರ ಸೆಂಟಿಮೀಟರು. ಅದನ್ನೇ ಮಿಲಿಮೀಟರಿನ ಸಾವಿರದ ಒಂದು ಪಾಲು ಅಗಲದ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ೬ ಚದರ ಮೀಟರಾಗುತ್ತದೆ, ಒಂದು ಚಿಕ್ಕ ಕೋಣೆಯ ನೆಲದಷ್ಟು. ಪುಡಿಯ ಕಣಗಳ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿದ್ದರಂತೂ ಹೇಳತಕ್ಕದ್ದೇನು! ಪಟುಗೊಳಿಸಿದ ಇದ್ದಲಿನ ಒಂದು ಗ್ರಾಮಿಗೆ ಸುಮಾರು ೧೦೦೦ ಚದರ ಮೀಟರು ಮೇಲ್ಮೈಯಿರುವುದು ಸಾಮಾನ್ಯ. ನಮ್ಮ ರೈತರ ಅಳತೆಯಲ್ಲಿ ಹೇಳುವುದಾದರೆ, ಚಿಟಿಕೆಯಷ್ಟು ಇದ್ದಲಿನಲ್ಲಿ ಹತ್ತು ಗುಂಟೆ ನೆಲ! ಪಟುಗೊಳಿಸುವುದೆಂದರೆ ಈ ನೆಲವನ್ನು ತೆರವು ಮಾಡುವುದು. ಗಾಳಿಯಲ್ಲಿ ಬಿದ್ದಿದ್ದ ಪುಡಿಯ ಮೇಲ್ಮೈಯನ್ನು ತೇವ ಮೊದಲೇ ಆಕ್ರಮಿಸಿಕೊಂಡಿರುತ್ತದೆ. ಅದನ್ನು ಚೆನ್ನಾಗಿ ಕಾಯಿಸಿ ಓಡಿಸಿದ ಹೊರತು ಹೊಸ ಅಣುಗಳಿಗೆ ಎಡೆಯಿಲ್ಲ.

ಇದ್ದಲಿನ ಈ ಗುಣವನ್ನು ದ್ರವಗಳಲ್ಲಿ ಮೊದಲು ಸರಿಯಾಗಿ ಗುರುತಿಸಿದವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತೊಬಿಯಾಸ್ ಲೋವಿಟ್ಸ್. ಟಾರ್ಟಾರಿಕ್ ಆಮ್ಲದ ಕಂದುಗಟ್ಟಿದ ದ್ರಾವಣ ಇದ್ದಲಿನ ಪುಡಿಯಿಂದ ತಿಳಿಯಾಗುವುದನ್ನು ಆತ ೧೭೮೫ರಲ್ಲಿ ಕಂಡನು. ಇದಾದ ಸುಮಾರು ನೂರು ವರ್ಷಕ್ಕೆ, ೧೮೮೧ರಲ್ಲಿ, ಜರ್ಮನಿಯ ಹೈನ್ರಿಷ್ ಕೈಸರ್ ಈ ವಿದ್ಯಮಾನಕ್ಕೆ ಶೋಷಣೆಯಿಂದ ಬೇರೆಯಾದ ಹೆಸರನ್ನು ಬಳಕೆಗೆ ತಂದನು. ೧೯೦೩ರಲ್ಲಿ ವಾರ್ಸಾ ನಗರದಲ್ಲಿ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಎಲೆಯ ವರ್ಣದ್ರವ್ಯಗಳನ್ನು ಬೇರ್ಪಡಿಸುವ ತನ್ನ ವಿಧಾನವನ್ನು ಪ್ರಕಟಪಡಿಸಿದನು. ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಎಲೆಯ ರಸವನ್ನು ಇಳಿಯಬಿಟ್ಟಾಗ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಂತವು. ಇದೇ ಕ್ರೊಮಟೋಗ್ರಫಿ. ಟ್ಸ್ವೆಟ್ಟನ ಲಕ್ಷ್ಯವೆಲ್ಲ ನಳಿಗೆಯಲ್ಲಿ ನಿಂತ ಬಣ್ಣಗಳ ಮೇಲೆ. ದ್ರಾವಕವನ್ನು ಶುದ್ಧಿಮಾಡುವವನಿಗಾದರೋ ನಿಂತದ್ದು ಕಸ, ಕೆಳಗಿಳಿದದ್ದೇ ಸರಕು. ಉಪಕರಣ ಮಾತ್ರ ಒಂದೇ.

ಈಥರಿಗೆ ತಕ್ಕ ಪುಡಿ ಅಲ್ಯುಮಿನ, ಅಂದರೆ ಅಲ್ಯುಮಿನಿಯಮ್ಮಿನ ಆಕ್ಸೈಡು. ಇದರ ಮೇಲ್ಮೈಯಲ್ಲಿ ಧನವಿದ್ಯುತ್ತಿನ ಅಲ್ಯುಮಿನಿಯಂ ಅಯಾನುಗಳೂ ಋಣವಿದ್ಯುತ್ತಿನ ಆಮ್ಲಜನಕದ ಅಯಾನುಗಳೂ ಇರುತ್ತವೆ. ನೀರಿನ ಅಣುವಿನಲ್ಲಿ ಆಮ್ಲಜನಕದ ತುದಿ ತುಸು ಋಣ, ಜಲಜನಕದ ತುದಿಗಳು ತುಸು ಧನ. ಇಂಥ ಧ್ರುವೀಯ ಅಣುಗಳೇ ನಮ್ಮ ಮುಳ್ಳುಕಾಳುಗಳು. ಪೆರಾಕ್ಸೈಡುಗಳಲ್ಲಿ ಬಹುಪಾಲು ಇದೇ ಗುಂಪಿಗೆ ಸೇರಿದುವು. ಈಥರಿನ ಅಣು ಅಷ್ಟಾಗಿ ಧ್ರುವೀಯವಲ್ಲವಾದ್ದರಿಂದ ಸಡಿಲವಾಗಿ ತಗುಲಿ ಮುಂದೆ ಸಾಗುತ್ತದೆ. ಹೀಗೆ ಅಲ್ಯುಮಿನದಿಂದ ಪೆರಾಕ್ಸೈಡುಗಳನ್ನು ತೆಗೆಯುವ ವಿಧಾನವನ್ನು ಡಾಸ್ಲರ್ ಮತ್ತು ಬೌವರ್ ಎಂಬ ಅಮೆರಿಕದ ಇಬ್ಬರು ೧೯೪೬ರಲ್ಲಿ ಪ್ರಕಟಿಸಿದರು. ಪುಡಿ ಎಷ್ಟು ಪಟುವಾಗಿದೆಯೆಂದು ಅಳೆಯುವ ಕ್ರಮವನ್ನು ಅದಕ್ಕೆ ಐದು ವರ್ಷ ಮೊದಲೇ, ೧೯೪೧ರಲ್ಲಿ, ಜರ್ಮನಿಯ ಬ್ರೊಕ್‌ಮನ್ ಮತ್ತು ಶೋಡರ್ ಗೊತ್ತುಪಡಿಸಿದ್ದರು. ನೀರಿಲ್ಲದ ಅಲ್ಯುಮಿನ ಮೊದಲನೆಯ ದರ್ಜೆಯದು. ನೂರಕ್ಕೆ ೩ರಷ್ಟು ನೀರು ಸೇರಿದರೆ ಎರಡನೆಯದು, ೬ಕ್ಕೆ ಮೂರನೆಯದು, ೧೫ಕ್ಕೆ ಐದನೆಯದು. ದ್ರಾವಕವನ್ನು ಒಣಗಿಸಲು ಮೊದಲನೆಯ ದರ್ಜೆಯೇ ಬೇಕು.

ಪರೀಕ್ಷೆ ಸುಲಭ. ಪೊಟಾಸಿಯಂ ಅಯೊಡೈಡಿನ ಆಮ್ಲೀಯ ದ್ರಾವಣಕ್ಕೆ ಹಳೆಯ ಈಥರನ್ನು ಸೇರಿಸಿ ಕುಲುಕಿದರೆ ಪೆರಾಕ್ಸೈಡಿನಿಂದ ಅಯೊಡೀನ್ ಬಿಡುಗಡೆಯಾಗಿ ಹಳದಿಯೋ ಕಂದೋ ಬಣ್ಣ ಕಾಣುತ್ತದೆ. ಅಲ್ಯುಮಿನದ ಮೂಲಕ ಇಳಿದ ಈಥರಿನಿಂದ ಬಣ್ಣ ಬರಬಾರದು. ಆದರೆ ಮೊದಲ ಲೋಟ ಶುದ್ಧವಾಗಿತ್ತೆಂದು ಹತ್ತನೆಯದೂ ಹಾಗೆಯೇ ಇರುವುದೆಂದು ಭಾವಿಸಕೂಡದು. ಊಟದ ಪಂಕ್ತಿಯಲ್ಲಿ ಎಲೆಗಳು ಒಂದು ಕೊನೆಯಿಂದ ಭರ್ತಿಯಾಗುತ್ತ ಬರುವಂತೆ ನಳಿಗೆಯ ಮೇಲಿನ ಪದರ ಮೊದಲು ತುಂಬುತ್ತದೆ, ಆಮೇಲೆ ಅದರ ಕೆಳಗಿನದು. ಕಟ್ಟಕಡೆಯ ಪದರವೂ ತುಂಬಿದೊಡನೆ ಕಲ್ಮಷ ನೇರವಾಗಿ ಹೊರಬೀಳುತ್ತದೆ. ಇನ್ನೂ ಮುಖ್ಯವಾದ ಎಚ್ಚರಿಕೆಯೊಂದಿದೆ. ಹಿಡಿದುಕೊಂಡ ಪೆರಾಕ್ಸೈಡು ಪೂರ್ತಿ ನಾಶವಾಯಿತೆಂದು ತಿಳಿಯುವಂತಿಲ್ಲ. ಅದರ ಒಂದು ಪಾಲು ಪುಡಿಯ ಮೇಲೆಯೇ ಇರಬಹುದು. ಆದಕಾರಣ ಬಳಸಿದ ಅಲ್ಯುಮಿನವನ್ನು ಒಣಗಲು ಬಿಡದೆ, ಕಾಯಿಸದೆ, ಫೆರಸ್ ಸಲ್ಫೇಟಿನ ಆಮ್ಲೀಯ ದ್ರಾವಣದಿಂದ ತೊಳೆದ ಮೇಲೆಯೇ ಬಿಸುಡಬೇಕು. ವಿದ್ಯಾರ್ಥಿಗಳು ಈ ಕೆಲಸಗಳಿಗೆ ಅಧ್ಯಾಪಕರ ಸಮ್ಮುಖದಲ್ಲಲ್ಲದೆ ಕೈಹಾಕಕೂಡದು. ಹಳೆಯ ಈಥರಿನ ಸೀಸೆಯ ಬಿರಟೆಯ ಸುತ್ತ ಹರಳುಗಳು ಕಂಡರಂತೂ ಅದನ್ನು ಮುಟ್ಟಲೂಬಾರದು.

ಬೇರೆ ದ್ರಾವಕಗಳಿಗೆ ಬೇರೆ ಪುಡಿಗಳುಂಟು. ಅತಿನೇರಿಳೆ ಬೆಳಕಿನಲ್ಲಿ ವಸ್ತುಗಳನ್ನು ಪರೀಕ್ಷಿಸುವವರಿಗೆ ಆ ಬೆಳಕನ್ನು ತಾನು ನುಂಗದ ಹೆಕ್ಸೇನ್ ಬೇಕು. ಪೆಟ್ರೋಲಿಯಮ್ಮಿನಿಂದ ಬಂದ ಹೆಕ್ಸೇನಿನಲ್ಲಿ ಬೆನ್ಜೀನಿನ ಲೇಶವಿದ್ದರೂ ಅದು ಬೆಳಕನ್ನು ತಡೆಯುತ್ತದೆ, ಮತ್ತು ಬಟ್ಟಿ ಇಳಿಸಿ ಆ ಲೇಶವನ್ನು ತೆಗೆಯುವುದು ಕಷ್ಟ. ಸಿಲಿಕಾ ಜೆಲ್ಲಿನ ಮೂಲಕ ಇಳಿಸಿದರೆ ಬೆನ್ಜೀನು ಹಿಂದುಳಿದು ಹೆಕ್ಸೇನ್ ಮುಂದೆ ಬರುತ್ತದೆ.

ಆಲ್ಕೊಹಾಲಿನ ಸಮಸ್ಯೆ ಇನ್ನೊಂದು ಬಗೆಯದು. ನೀರು ಬೆರೆತ ಆಲ್ಕೊಹಾಲನ್ನು ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ ನೂರಕ್ಕೆ ಸುಮಾರು ೯೫.೬ರ ಆಚೆಗೆ ಅದು ಏರುವುದಿಲ್ಲ. ಆ ಪ್ರಮಾಣದಲ್ಲಿ ಎರಡೂ ಒಂದೇ ದ್ರವವೆಂಬಂತೆ ಕೂಡಿಯೇ ಆವಿಯಾಗುತ್ತವೆ. ಅಲ್ಯುಮಿನಕ್ಕೂ ಇದು ಕಷ್ಟ, ಏಕೆಂದರೆ ಆಲ್ಕೊಹಾಲಿನ ಅಣುವಿಗೂ ಮುಳ್ಳುಂಟು. ಇಲ್ಲಿ ನೆರವಾಗುವುದು ಜಿಯೊಲೈಟುಗಳೆಂಬ ಹರಳುಗಳು. ಕಾಯಿಸಿದಾಗ ಕುದಿಯುವಂತೆ ಕಾಣುವ ಖನಿಜವೊಂದನ್ನು ನೋಡಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ೧೭೫೬ರಲ್ಲಿ, ಕುದಿಯುವ ಕಲ್ಲು ಎಂಬ ಅರ್ಥ ಬರುವಂತೆ, ಈ ಹೆಸರಿಟ್ಟನು. ಅದನ್ನು ಕುದಿಸುತ್ತಿದ್ದದ್ದು ಹರಳಿನ ರಂಧ್ರಗಳಲ್ಲಿ ಸೇರಿಕೊಂಡಿದ್ದ ನೀರು. ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯಲ್ಲಿ ರಾಬರ್ಟ್ ಮಿಲ್ಟನ್ ೧೯೪೯ರ ಸುಮಾರಿಗೆ ಕೃತಕ ಜಿಯೊಲೈಟುಗಳನ್ನು ತಯಾರಿಸಿದನು. ೧೯೫೪ರಲ್ಲಿ ಇವು ಮಾರಾಟಕ್ಕೆ ಬಂದುವು. ಇವುಗಳ ರಂಧ್ರಗಳೆಲ್ಲ ಒಂದೇ ಅಳತೆಯವು. ಆದುದರಿಂದ ಇವನ್ನು ಅಣುಜರಡಿಗಳೆನ್ನುತ್ತಾರೆ. ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲಿಗೆ ಆಂಗ್‌ಸ್ಟ್ರಾಂ ಎಂದು ಹೆಸರು. ಮೂರು ಆಂಗ್‌ಸ್ಟ್ರಾಂ ಜರಡಿಯೊಳಕ್ಕೆ ನೀರಿನ ಅಣು ನುಸುಳಬಲ್ಲುದು. ಅದಕ್ಕಿಂತ ದಪ್ಪನಾದ ಆಲ್ಕೊಹಾಲಿನ ಅಣು ಬಾಗಿಲಲ್ಲಿಯೇ ನಿಲ್ಲುತ್ತದೆ. ಜರಡಿ ತನ್ನ ತೂಕದ ಐದನೆಯ ಒಂದು ಪಾಲಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಪೆಟ್ರೋಲಿಗೆ ಬೆರೆಸುವ ಆಲ್ಕೊಹಾಲನ್ನು ತಯಾರಿಸುವ ನಮ್ಮ ದೇಶದ ಡಿಸ್ಟಿಲರಿಗಳಲ್ಲಿ ಇಂದು ನಡೆಯುತ್ತಿರುವುದೂ ಇದೇ. ಆಲ್ಕೊಹಾಲಿನ ಆವಿ ಜರಡಿಯ ಹರಳು ತುಂಬಿದ ಎರಡು ಗೋಪುರಗಳಲ್ಲಿ ಒಂದನ್ನು ಹಾದುಹೋಗುತ್ತಿರುವಾಗ, ಇನ್ನೊಂದರಲ್ಲಿ ಒತ್ತಡವನ್ನಿಳಿಸಿ ಹಿಡಿದಿದ್ದ ನೀರನ್ನು ಬಿಡಿಸುತ್ತಾರೆ.

ಸಂಶೋಧನಾಲಯಗಳಲ್ಲಿ ಮಾತ್ರ ಬಟ್ಟಿ ಬಹುಕಾಲ ಉಳಿಯಿತು. ದ್ರಾವಕದೊಳಗೆ ಸೋಡಿಯಂ ಲೋಹದ ಚೂರುಗಳನ್ನೂ ಬೆನ್ಜೊಫೀನೋನ್ ಎಂಬ ವಸ್ತುವನ್ನೂ ಹಾಕಿ, ಗಾಢ ನೀಲಿ ಬಣ್ಣ ಬರುವವರೆಗೆ ಕುದಿಸುವುದು ರೂಢಿಯಾಗಿತ್ತು. ನೀರು ತಗುಲಿದರೆ ಉರಿಯುವ ಲೋಹ, ಕಿಡಿ ತಗುಲಿದರೆ ಉರಿಯುವ ದ್ರವ, ಅದರ ಕೆಳಗೆ ಕಾವು! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯಲ್ಲಿ ೨೦೦೧ರ ಜುಲೈ ತಿಂಗಳಿನಲ್ಲಿ ಸೋಡಿಯಮ್ಮಿನೊಡನೆ ಬೆನ್ಜೀನನ್ನು ಬಟ್ಟಿ ಇಳಿಸುತ್ತಿದ್ದಾಗ ಬೆಂಕಿ ಹತ್ತಿ ಪ್ರಯೋಗಶಾಲೆ ಹಾಳಾಯಿತು. ಇದಕ್ಕೆ ಐದು ವರ್ಷ ಮೊದಲೇ, ೧೯೯೬ರಲ್ಲಿ, ಆಮಿ ಪ್ಯಾಂಗ್‌ಬೋರ್ನ್, ರಾಬರ್ಟ್ ಗ್ರಬ್ಸ್ ಮತ್ತು ಅವರ ಸಂಗಡಿಗರು ಕಾವಿಲ್ಲದ ಏರ್ಪಾಡೊಂದನ್ನು ವಿವರಿಸಿದ್ದರು. ಅನಿಲದ ಒತ್ತಡದಿಂದ ದ್ರಾವಕವನ್ನು ಉಕ್ಕಿನ ನಳಿಗೆಗಳ ಮೂಲಕ ದೂಡುವುದು. ನಳಿಗೆಯಲ್ಲಿ ಅಲ್ಯುಮಿನ ನೀರನ್ನು ಹಿಡಿಯುತ್ತದೆ. ಟಾಲ್ವೀನಿನಂಥ ಹೈಡ್ರೊಕಾರ್ಬನ್ನುಗಳಿಗೆ ತಾಮ್ರವುಳ್ಳ ಇನ್ನೊಂದು ನಳಿಗೆ ಕರಗಿದ ಆಮ್ಲಜನಕವನ್ನೂ ತೆಗೆಯುತ್ತದೆ. ಇದೇ ಗ್ರಬ್ಸ್ ಬೇರೊಂದು ಸಂಶೋಧನೆಗಾಗಿ ೨೦೦೫ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಅಪಾಯವಿದ್ದರೂ ಸೋಡಿಯಮ್ಮಿನಷ್ಟು ಒಣಗಿಸುವುದು ಬೇರಾವುದಕ್ಕೂ ಸಾಧ್ಯವಿಲ್ಲವೆಂಬ ನಂಬಿಕೆ ಹಲವರಲ್ಲಿ ಬೇರೂರಿತ್ತು. ೨೦೧೦ರಲ್ಲಿ ದಕ್ಷಿಣ ಆಫ್ರಿಕಾದ ಬ್ರಾಡ್ಲಿ ವಿಲಿಯಮ್ಸ್ ಮತ್ತು ಮಿಷೆಲ್ ಲಾಟನ್ ಉಳಿದ ನೀರನ್ನು ಅಳತೆಮಾಡಿ ನೋಡಿದಾಗ ಫಲಿತಾಂಶ ತಿರುವುಮುರುವಾಗಿತ್ತು. ಟೆಟ್ರಾಹೈಡ್ರೊಫ್ಯೂರಾನ್ ಎಂಬ ಈಥರಿನಲ್ಲಿ ಸೋಡಿಯಂ ಬಿಟ್ಟ ನೀರಿಗಿಂತ ಮೂರು ಆಂಗ್‌ಸ್ಟ್ರಾಂ ಜರಡಿ ಬಿಟ್ಟ ನೀರು ಕಡಮೆ. ಜರಡಿಗೆ ಬೇಕಾಗಿದ್ದದ್ದು ಒಂದೆರಡು ದಿನಗಳ ಕಾಲಾವಕಾಶ ಮಾತ್ರ.

ಅಧಿಶೋಷಣೆಗೆ ತನ್ನವೇ ಆದ ದೋಷಗಳಿಲ್ಲದಿಲ್ಲ. ಕ್ಷಾರೀಯ ಅಲ್ಯುಮಿನ ಅಸಿಟೋನಿನ ಅಣುಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ಕಲ್ಮಷವನ್ನೇ ಹುಟ್ಟಿಸುತ್ತದೆ. ಅಲ್ಲಿ ಅದನ್ನು ಬಳಸುವಂತಿಲ್ಲ. ಮೇಲ್ಮೈಗೆ ಶತ್ರು ಮಿತ್ರರೆಂಬ ಭೇದವೂ ತಿಳಿಯದು. ಕ್ಲೋರೊಫಾರ್ಮ್ ಗಾಳಿ ಬೆಳಕುಗಳಿಂದ ಕೆಟ್ಟು ಫಾಸ್ಜೀನ್ ಎಂಬ ವಿಷಾನಿಲವಾಗದಿರಲೆಂದು ತಯಾರಕರು ಅದಕ್ಕೆ ಸ್ವಲ್ಪ ಆಲ್ಕೊಹಾಲನ್ನು ಕಾವಲಿಟ್ಟಿರುತ್ತಾರೆ. ಅಲ್ಯುಮಿನ ನೀರಿನೊಡನೆ ಆ ಕಾವಲನ್ನೂ ಕಿತ್ತುಕೊಳ್ಳುತ್ತದೆ. ಹೀಗೆ ಶುದ್ಧವಾದ ಕ್ಲೋರೊಫಾರ್ಮ್ ಅಂಗಡಿಯ ಕ್ಲೋರೊಫಾರ್ಮಿಗಿಂತ ಬೇಗ ಕೆಡುತ್ತದೆ. ಆದುದರಿಂದ ಆ ದಿನಕ್ಕೆ ಬೇಕಾದಷ್ಟನ್ನೇ ಶುದ್ಧಿಮಾಡಿ, ಉಳಿದರೆ ಕಂದು ಸೀಸೆಯಲ್ಲಿ ಕತ್ತಲೆಯಲ್ಲಿಟ್ಟು, ಸೀಸೆಯ ಮೇಲೆ ದಿನಾಂಕವನ್ನು ಬರೆಯತಕ್ಕದ್ದು.