ಮಾತಿನ ವೇಗವೂ ಕಚೇರಿಯ ವಾಟ್ಸಾಪ್ ಗುಂಪೂ

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಹಿಡಿಯಬಾರದ 13 ವೇಗಗಳನ್ನು ಎಣಿಸುತ್ತದೆ. ಹಸಿವು, ಬಾಯಾರಿಕೆ, ಮಲಮೂತ್ರಗಳೊಡನೆ ನಿದ್ರೆಯೂ ಅವುಗಳಲ್ಲಿ ಸೇರಿದೆ. ತಡೆಯಲೇಬೇಕಾದ ವೇಗಗಳನ್ನೂ ಅದೇ ಅಧ್ಯಾಯ ಹೇಳುತ್ತದೆ. ಮಾತಿನ ವಿಷಯದಲ್ಲಿ ಅವು ಐದು: ಕಠೋರವಾದುದು, ಮಿತಿಮೀರಿದುದು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು. ಇಂದಿನ ಅನೇಕ ಕಚೇರಿಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಾತಿಗೆ ತಡೆಯಿಲ್ಲ, ನಿದ್ರೆಗೆ ತಡೆಯುಂಟು.

ನಿದ್ರಾಹೀನತೆ, ಆಮ್ಲಪಿತ್ತ, ತಲೆನೋವೆಂದು ಬರುವ ಉದ್ಯೋಗಸ್ಥರಲ್ಲಿ ಆಹಾರಕ್ರಮದೊಡನೆ ಮೊಬೈಲಿನ ಕ್ರಮವನ್ನೂ ಈಗ ನಾನು ವಿಚಾರಿಸುತ್ತೇನೆ. ಬ್ಯಾಂಕೊಂದರ ಮಹಿಳಾ ಸಿಬ್ಬಂದಿಯೊಬ್ಬರಿಗೆ ರಾತ್ರಿ 11ರ ಮೇಲೆ ಮೇಲಧಿಕಾರಿಯ ಸಂದೇಶ ಬರುತ್ತಿತ್ತು. ಎದ್ದು ಕುಳಿತು ಉತ್ತರಿಸುವರು, ಮತ್ತೆ ನಿದ್ರೆ ಬಾರದು. ರಾತ್ರಿಜಾಗರಣೆಯಿಂದ ರೂಕ್ಷತೆ ಬೆಳೆದು ವಾತ ಕೆರಳುತ್ತದೆ. ಔಷಧಕ್ಕೆ ಮುನ್ನ, ‘ರಾತ್ರಿಯೇ ಉತ್ತರ ಬೇಕೇ ಎಂದು ಸಾಹೇಬರನ್ನೇ ಕೇಳಿರಮ್ಮ’ ಎಂದೆ. ಬೆಳಿಗ್ಗೆ ಸಾಕೆಂದರಂತೆ! ಮರೆತುಹೋದೀತೆಂದು ಅವರು ಆಗಲೇ ಬರೆದುಬಿಡುತ್ತಿದ್ದರು, ಅಷ್ಟೆ. ಟೀಮ್ಸ್, ಸ್ಲ್ಯಾಕ್‌ಗಳಲ್ಲಿ ರಾತ್ರಿ ಬರೆದುದನ್ನು ಬೆಳಿಗ್ಗೆ ತಲುಪುವಂತೆ ಇಡುವ ಸೌಲಭ್ಯವಿದೆ. ಫ್ರಾನ್ಸ್ ದೇಶದಲ್ಲಿ 2017ರಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಬಿಡುವಿನ ವೇಳೆಯಲ್ಲಿ ಸಂಪರ್ಕದಿಂದ ದೂರವಿರುವ ಹಕ್ಕಿನ ಕುರಿತು ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನೇ ಇದೆ.

ಉಪಕರಣವನ್ನು ನಾನು ದೂರುತ್ತಿಲ್ಲ. ಆದರೆ ಆಸ್ಪತ್ರೆಯ ಗುಂಪಿನಲ್ಲಿ ‘ಬೆಳಗಿನ ಔಷಧವನ್ನೇ ಮುಂದುವರಿಸಿ’ ಎಂಬ ಒಂದು ಸಾಲು ಪ್ರಾಣಕ್ಕೆ ಎರವಾಗಬಹುದು. ಪಾಳಿ ಬದಲಾಗಿ ಬಂದ ದಾದಿಗೆ ಬೆಳಗಿನದು ಯಾವುದೆಂದು ಹೇಗೆ ತಿಳಿಯಬೇಕು? ಯಾರಿಗೆ, ಯಾವುದು, ಎಷ್ಟು, ಯಾವಾಗ ಎಂಬುದು ರೋಗಿಯ ಕಡತದಲ್ಲೇ ಇರಲಿ. ಗುಂಪಿನ ಸಂದೇಶ ಅದನ್ನು ನೋಡಿರೆಂದು ಎಚ್ಚರಿಸಲಿಕ್ಕೆ ಮಾತ್ರ. ಎರಡು ನೀಲಿ ಗೆರೆಗಳು ಸಂದೇಶ ತೆರೆದುದಕ್ಕೆ ಸಾಕ್ಷಿಯೇ ಹೊರತು ಅರ್ಥವಾದುದಕ್ಕಲ್ಲ. ತುರ್ತಿದ್ದರೆ ಕರೆ ಮಾಡಬೇಕು, ಕೇಳಿದವರು ಕೇಳಿದ್ದನ್ನು ತಿರುಗಿ ಹೇಳಬೇಕು. ರೋಗಿಗಳ ಭಾವಚಿತ್ರ, ವರದಿಗಳನ್ನು ಗುಂಪಿಗೆ ಹಾಕುವುದಂತೂ ಸರ್ವಥಾ ಸಲ್ಲದು.

ಬೇರೆ ಕಚೇರಿಗಳಿಗೂ ಇದೇ ಕ್ರಮ ಹೊಂದುತ್ತದೆ. ‘ನಮಸ್ಕಾರ ಸರ್’ ಎಂದಷ್ಟೇ ಬರೆದು ಉತ್ತರಕ್ಕೆ ಕಾಯದೆ, ಕೆಲಸ, ಹೊಣೆಗಾರರು, ಗಡುವು ಮೂರನ್ನೂ ಒಂದೇ ಸಂದೇಶದಲ್ಲಿ ತಿಳಿಸಿದರೆ ಹತ್ತು ಸಂದೇಶಗಳು ಉಳಿಯುತ್ತವೆ. ಮೂವತ್ತು ಜನ ‘ಆಯ್ತು ಸರ್’ ಎನ್ನುವ ಬದಲು ಸಂದೇಶದ ಮೇಲೆಯೇ ಹೆಬ್ಬೆರಳಿನ ಗುರುತು ಹಾಕಬಹುದು. ಬೆಳಗಿನ ಹೂವಿನ ಚಿತ್ರಗಳಿಗೆ ಬೇರೆ ಗುಂಪಿರಲಿ. ತಪ್ಪು ಮಾಡಿದವರನ್ನು ಎಲ್ಲರೆದುರು ಗುಂಪಿನಲ್ಲಿ ಗದರಿಸುವುದು ಕಠೋರವಾಕ್ಯವೇ ಸರಿ. ಮುಖತಃ ಕರೆದು ಹೇಳಿ.

ಗುಂಪಿನ ಸದ್ದನ್ನು 8 ಗಂಟೆ ಅಡಗಿಸುವ ಏರ್ಪಾಡು ವಾಟ್ಸಾಪಿನಲ್ಲಿಯೇ ಇದೆ. ರಾತ್ರಿ ಅದನ್ನು ಬಳಸಿ, ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಟ್ಟು, ಅಂಗಾಲುಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಂಡು ಮಲಗಿರಿ. ಅಲಾರಂಗಾಗಿ ಮೊಬೈಲ್ ಬೇಕೆನ್ನುವವರಿಗೆ, ಕೀಲಿ ಕೊಡುವ ಗಡಿಯಾರ ಈಗಲೂ ಅಂಗಡಿಗಳಲ್ಲಿ ದೊರೆಯುತ್ತದೆ.